ಮುಚ್ಚಿಟ್ಟದ್ದು ನಿಜ, ಒಳಗಿದ್ದದ್ದು ಬೇರೆ

1949ರ ಮೇ ತಿಂಗಳು. ಅಮೆರಿಕದ ‘ಟ್ರೂ’ ಪತ್ರಿಕೆಯ ಸಂಪಾದಕ ಕೆನ್ ಪರ್ಡಿ, ಡೊನಾಲ್ಡ್ ಕೀಹೋ ಎಂಬ ಬರಹಗಾರನಿಗೆ ಒಂದು ತಂತಿ ಕಳಿಸಿದ. ಎರಡು ವರ್ಷದಿಂದ ದೇಶದ ತುಂಬ ‘ಹಾರುವ ತಟ್ಟೆ’ಗಳದ್ದೇ ಸುದ್ದಿ. ಸರ್ಕಾರ ತನ್ನ ಯಾವುದೋ ಗುಟ್ಟನ್ನು ಕಾಪಾಡಿಕೊಳ್ಳಲು ಈ ಸುದ್ದಿಯನ್ನು ತಾನೇ ಹಬ್ಬಿಸಿದೆ ಎಂಬ ಸುಳಿವು ಪತ್ರಿಕೆಗೆ ಸಿಕ್ಕಿತ್ತು. ಆ ಸುಳಿವನ್ನೇ ಯಾರೋ ದಾರಿ ತಪ್ಪಿಸಲು ಬಿಟ್ಟಿರಬಹುದು ಎಂಬ ಅನುಮಾನ ಪರ್ಡಿಯದು. ನಿಜ ಏನೆಂದು ಬಗೆದು ನೋಡುವ ಕೆಲಸ ಕೀಹೋನ ಪಾಲಿಗೆ ಬಂತು.

ಈ ಕೆಲಸಕ್ಕೆ ಅವನಿಗಿಂತ ತಕ್ಕವನು ಸಿಗುವುದು ಕಷ್ಟವಿತ್ತು. 1897ರಲ್ಲಿ ಅಯೋವಾ ರಾಜ್ಯದ ಒಟಮ್ವಾದಲ್ಲಿ ಹುಟ್ಟಿದ ಕೀಹೋ, 1919ರಲ್ಲಿ ಅನ್ನಾಪೊಲಿಸ್‌ನ ನೌಕಾ ಅಕಾಡೆಮಿಯಿಂದ ಹೊರಬಂದು ಮರೀನ್ ದಳದಲ್ಲಿ ವಿಮಾನ ಹಾರಿಸಿದವನು. 1922ರಲ್ಲಿ ಗುವಾಮ್ ದ್ವೀಪದಲ್ಲಿ ಅವನ ವಿಮಾನ ಬಿದ್ದು ತೋಳಿಗೆ ಪೆಟ್ಟಾಯಿತು. ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲೇ ಅವನು ಬರವಣಿಗೆಗೆ ಕೈಹಾಕಿದ. ಗಾಯ ಪೂರ್ತಿ ವಾಸಿಯಾಗದೆ ಸೇನೆ ಬಿಟ್ಟ ಮೇಲೆ ವಾಣಿಜ್ಯ ಇಲಾಖೆಯ ವಿಮಾನಯಾನ ವಿಭಾಗದಲ್ಲಿ ಮಾಹಿತಿ ಅಧಿಕಾರಿಯಾದ. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿ ಬಂದು ಅಮೆರಿಕದ 48 ರಾಜ್ಯಗಳನ್ನೂ ಸುತ್ತಿದಾಗ, ಆ ಮೂರು ತಿಂಗಳ ಪ್ರವಾಸದ ಉಸ್ತುವಾರಿ ನೋಡಿಕೊಂಡವನು ಕೀಹೋ. ಲಿಂಡ್‌ಬರ್ಗ್‌ನ ‘ಸ್ಪಿರಿಟ್ ಆಫ್ ಸೇಂಟ್ ಲೂಯಿಸ್’ ಜೊತೆಗೆ ಇನ್ನೊಂದು ವಿಮಾನದಲ್ಲಿ ಕೂತು ಊರೂರು ಇಳಿದ. ಆ ಅನುಭವದಿಂದ ‘ಫ್ಲೈಯಿಂಗ್ ವಿತ್ ಲಿಂಡ್‌ಬರ್ಗ್’ ಪುಸ್ತಕ 1928ರಲ್ಲಿ ಬಂತು.

ಅವನ ಬದುಕಿಗೆ ಇನ್ನೊಂದು ಮುಖವಿತ್ತು. 1920 ಮತ್ತು 30ರ ದಶಕಗಳ ಅಗ್ಗದ ಕತೆ ಪತ್ರಿಕೆಗಳಿಗೆ ಕೀಹೋ ಧಾರಾಳವಾಗಿ ಬರೆದ. ‘ವಿಯರ್ಡ್ ಟೇಲ್ಸ್’ನಲ್ಲಿ ಭಯದ ಕತೆಗಳು, ‘ಫ್ಲೈಯಿಂಗ್ ಏಸಸ್’ನಲ್ಲಿ ಮನಸ್ಸು ಓದುವ ಶಕ್ತಿಯಿರುವ ಯುದ್ಧ ವೈಮಾನಿಕ ಕ್ಯಾಪ್ಟನ್ ಫಿಲಿಪ್ ಸ್ಟ್ರೇಂಜ್‌ನ ಸಾಹಸಗಳು. ಮುಂದೆ ಅವನನ್ನು ಟೀಕಿಸಿದವರೆಲ್ಲ ಈ ಕತೆಗಳನ್ನೇ ಎತ್ತಿ ತೋರಿಸಿದರು. ಆದರೆ ಎರಡನೇ ಮಹಾಯುದ್ಧದಲ್ಲಿ ಅವನು ಮತ್ತೆ ಸಮವಸ್ತ್ರ ತೊಟ್ಟು ಮೇಜರ್ ಆಗಿ ನಿವೃತ್ತನಾದವನು. ನೌಕಾಪಡೆಯಲ್ಲಿ, ಪೆಂಟಗನ್ನಿನಲ್ಲಿ, ವಿಮಾನ ಕಂಪನಿಗಳಲ್ಲಿ ಅವನಿಗೆ ಹಳೆಯ ಪರಿಚಯಗಳಿದ್ದವು. ವೈಮಾನಿಕರ ಮಾತಿನಲ್ಲಿ ಯಾವುದು ಅನುಭವ, ಯಾವುದು ಬಡಾಯಿ ಎಂದು ತಿಳಿಯುವ ಕಿವಿಯೂ ಅವನಿಗಿತ್ತು.

ಕೀಹೋ ಮೊದಲು ಕೈಗೆತ್ತಿಕೊಂಡದ್ದು ವೈಮಾನಿಕರು ಕಂಡ ಪ್ರಕರಣಗಳನ್ನು. ಹಾರುವ ತಟ್ಟೆಯ ಸುದ್ದಿ ಶುರುವಾದದ್ದೇ ಒಬ್ಬ ವೈಮಾನಿಕನಿಂದ. 1947ರ ಜೂನ್ 24ರಂದು ವಾಷಿಂಗ್ಟನ್ ರಾಜ್ಯದ ರೇನಿಯರ್ ಪರ್ವತದ ಹತ್ತಿರ ಕೆನೆತ್ ಆರ್ನಾಲ್ಡ್ ತನ್ನ ಸಣ್ಣ ವಿಮಾನದಿಂದ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡ. ರೇನಿಯರ್‌ನಿಂದ ಆಡಮ್ಸ್ ಪರ್ವತದವರೆಗೆ ಅವು ಸಾಗಲು ತೆಗೆದುಕೊಂಡ ಹೊತ್ತನ್ನು ಗಡಿಯಾರ ನೋಡಿ ಲೆಕ್ಕ ಹಾಕಿದ. ಗಂಟೆಗೆ ಸುಮಾರು 1,700 ಮೈಲಿ ಎಂದು ಬಂತು. ನಂಬಲಾಗದೆ ತಾನೇ ಅದನ್ನು 1,200ಕ್ಕೆ ಇಳಿಸಿದ. ಅಂದಿನ ಯಾವ ವಿಮಾನಕ್ಕೂ ಆ ವೇಗವಿರಲಿಲ್ಲ.

ಈ ಲೆಕ್ಕದಲ್ಲೇ ಇಡೀ ಸಮಸ್ಯೆಯ ಬೇರು ಇದೆ. ಆಕಾಶದಲ್ಲಿರುವ ವಸ್ತುವಿನ ಗಾತ್ರ, ದೂರ, ವೇಗ ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಕಣ್ಣಿಗೆ ನೇರವಾಗಿ ದಕ್ಕುವುದು ಅದು ಎಷ್ಟು ಅಗಲ ಕಾಣುತ್ತದೆ, ಎಷ್ಟು ಬೇಗ ಜರುಗುತ್ತದೆ ಎಂಬುದಷ್ಟೇ. ದೂರ ಗೊತ್ತಿದ್ದರೆ ಗಾತ್ರವೂ ವೇಗವೂ ಸಿಗುತ್ತವೆ. ದೂರವನ್ನು ಊಹಿಸಿದರೆ ಉಳಿದೆರಡೂ ಊಹೆಯೇ. ಆರ್ನಾಲ್ಡ್ ಆ ವಸ್ತುಗಳು ಪರ್ವತಗಳ ಸಾಲಿನಲ್ಲೇ ಹಾರಿದವೆಂದು ಇಟ್ಟುಕೊಂಡು ವೇಗ ತೆಗೆದ. ಅವು ಅವನಿಗೆ ಇನ್ನೂ ಹತ್ತಿರ ಇದ್ದಿದ್ದರೆ ವೇಗ ಅಷ್ಟರಮಟ್ಟಿಗೆ ಇಳಿಯುತ್ತಿತ್ತು. ನಿಪುಣ ವೈಮಾನಿಕನ ಕಣ್ಣೂ ಇಲ್ಲಿ ಸೋಲುತ್ತದೆ. ನೆಲದ ಗುರುತಿಲ್ಲದ ಬರಿ ಆಕಾಶದಲ್ಲಿ ಅಳತೆಗೋಲು ಯಾರಿಗೂ ಇರುವುದಿಲ್ಲ.

ಕೀಹೋನ ತನಿಖೆಯ ನಡುಗಂಬವಾದದ್ದು ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್‌ನ ಸಾವು. 1948ರ ಜನವರಿ 7ರ ಮಧ್ಯಾಹ್ನ ಕೆಂಟಕಿ ರಾಜ್ಯದ ಫೋರ್ಟ್ ನಾಕ್ಸ್ ಬಳಿಯ ಗಾಡ್‌ಮನ್ ವಿಮಾನ ನೆಲೆಯವರಿಗೆ ಪೊಲೀಸರಿಂದ ಕರೆ ಬಂತು. ಆಕಾಶದಲ್ಲಿ ದೊಡ್ಡದೊಂದು ದುಂಡಗಿನ ವಸ್ತು ಕಾಣುತ್ತಿದೆ ಎಂದು ಜನ ಹೇಳುತ್ತಿದ್ದಾರೆ ಎಂಬ ಕರೆ. ಸ್ವಲ್ಪ ಹೊತ್ತಿಗೆ ನೆಲೆಯ ಗೋಪುರದಲ್ಲಿದ್ದವರಿಗೂ ಅದು ಕಂಡಿತು. ಅದೇ ಹೊತ್ತಿಗೆ ರಾಷ್ಟ್ರೀಯ ರಕ್ಷಕ ದಳದ ನಾಲ್ಕು ಎಫ್-51 ವಿಮಾನಗಳು ಆ ಕಡೆ ಬಂದವು. ನಾಯಕ ಮ್ಯಾಂಟೆಲ್‌ಗೆ ಇಪ್ಪತ್ತೈದು ವರ್ಷ. ಅದೇನೆಂದು ನೋಡಿ ಬರಲು ಗೋಪುರ ಕೇಳಿತು. ಒಂದು ವಿಮಾನ ತನ್ನ ದಾರಿ ಹಿಡಿಯಿತು, ಇನ್ನೆರಡು ಸ್ವಲ್ಪ ಎತ್ತರದವರೆಗೆ ಹಿಂಬಾಲಿಸಿ ತಿರುಗಿದವು. ಮ್ಯಾಂಟೆಲ್ ಏರುತ್ತಲೇ ಹೋದ. ವಸ್ತು ಲೋಹದಂತೆ ಹೊಳೆಯುತ್ತಿದೆ, ಭಾರಿ ದೊಡ್ಡದಿದೆ ಎಂದು ರೇಡಿಯೋದಲ್ಲಿ ತಿಳಿಸಿದ. ಅವನ ವಿಮಾನದಲ್ಲಿ ಆಮ್ಲಜನಕದ ವ್ಯವಸ್ಥೆ ಇರಲಿಲ್ಲ. ಇಪ್ಪತ್ತು ಸಾವಿರ ಅಡಿ ದಾಟಿದ ಮೇಲೆ ಅವನ ದನಿ ನಿಂತಿತು. ಫ್ರಾಂಕ್ಲಿನ್ ಊರಿನ ಬಳಿ ಹೊಲದಲ್ಲಿ ವಿಮಾನ ಚೂರಾಗಿ ಸಿಕ್ಕಿತು.

ಅವನು ಬೆನ್ನಟ್ಟಿದ್ದು ಶುಕ್ರ ಗ್ರಹವನ್ನು ಎಂದಿತು ವಾಯುಪಡೆ. ಆ ಹೊತ್ತಿನಲ್ಲಿ ಶುಕ್ರ ಆ ದಿಕ್ಕಿನಲ್ಲಿ ಇತ್ತು ಎಂಬುದು ಸರಿಯೇ. ಆದರೆ ಹಗಲಿನಲ್ಲಿ ಶುಕ್ರ, ಎಲ್ಲಿದೆಯೆಂದು ಗೊತ್ತಿದ್ದು ದಿಟ್ಟಿಸಿದರೂ, ಸೂಜಿಮೊನೆಯಷ್ಟು ಬೆಳಕು. ಇಡೀ ಊರಿನವರ, ಗೋಪುರದವರ ಕಣ್ಣು ಸೆಳೆಯುವ ದುಂಡು ವಸ್ತುವಾಗಿ ಅದು ಕಾಣಲಾರದು. ಕೀಹೋ ಈ ವಿವರಣೆಯನ್ನು ಹಿಡಿದು ಜಗ್ಗಿದ, ಅದು ಕಿತ್ತು ಬಂತು. ಮುಂದೆ ವಾಯುಪಡೆಯೂ ಅದನ್ನು ಕೈಬಿಟ್ಟಿತು.

ಅಲಬಾಮಾದ ಮಾಂಟ್‌ಗೊಮರಿ ಬಳಿ 1948ರ ಜುಲೈ 24ರ ನಸುಕಿನಲ್ಲಿ ಈಸ್ಟರ್ನ್ ಏರ್‌ಲೈನ್ಸ್‌ನ ಚೈಲ್ಸ್ ಮತ್ತು ವಿಟೆಡ್ ಎಂಬ ವೈಮಾನಿಕರು ಕಂಡ ಬೆಂಕಿಯುಗುಳುವ ಆಕಾರ, ಅಕ್ಟೋಬರ್ 1ರ ರಾತ್ರಿ ಫಾರ್ಗೋದಲ್ಲಿ ಜಾರ್ಜ್ ಗಾರ್ಮನ್ ಬೆನ್ನಟ್ಟಿದ ಬೆಳಕು, ಹೀಗೆ ಒಂದೊಂದನ್ನೂ ಅವನು ಕೆದಕಿದ. ಪೆಂಟಗನ್ನಿನಲ್ಲಿ ಕೇಳಿದರೆ ಇದರಲ್ಲಿ ಏನೂ ಇಲ್ಲ ಎಂಬ ಉತ್ತರ. ಏನೂ ಇಲ್ಲದಿದ್ದರೆ ಕಡತ ಕೊಡಿ ಎಂದರೆ ಅದು ಆಗದು. ಈ ಎರಡು ಮಾತು ಒಂದಕ್ಕೊಂದು ಕೂಡುವುದಿಲ್ಲ ಎಂದು ಕೀಹೋಗೆ ಮನವರಿಕೆಯಾಯಿತು. ಅವನ ಮೊದಲ ಶೋಧ ಇದೇ: ಬಾಯಿಯಲ್ಲಿ ಇಲ್ಲ ಎನ್ನುವ ವಿಷಯಕ್ಕೆ ಸರ್ಕಾರ ಬೀಗ ಹಾಕಿಟ್ಟಿದೆ.

ಅಲ್ಲಿಂದ ಅವನು ಒಂದು ದೊಡ್ಡ ಹೆಜ್ಜೆ ಇಟ್ಟ. 1950ರ ಜನವರಿಯ ‘ಟ್ರೂ’ ಸಂಚಿಕೆಯಲ್ಲಿ ಅವನ ಲೇಖನ ‘ದಿ ಫ್ಲೈಯಿಂಗ್ ಸಾಸರ್ಸ್ ಆರ್ ರಿಯಲ್’ ಪ್ರಕಟವಾಯಿತು. ಬೇರೆ ಗ್ರಹದ ಬುದ್ಧಿಜೀವಿಗಳು 175 ವರ್ಷಗಳಿಂದ ಭೂಮಿಯನ್ನು ಗಮನಿಸುತ್ತಿದ್ದಾರೆ ಎಂಬುದು ಅದರ ತೀರ್ಮಾನ. ರೇಡಿಯೋ, ದಿನಪತ್ರಿಕೆಗಳು ಅದನ್ನು ಎತ್ತಿಕೊಂಡವು. ಅದೇ ಹೆಸರಿನ ಪುಸ್ತಕ ಅದೇ ವರ್ಷ ಬಂದು ಲಕ್ಷಗಟ್ಟಲೆ ಮಾರಾಟವಾಯಿತು. ಅಮೆರಿಕದ ಜನಸಾಮಾನ್ಯರ ಮನಸ್ಸಿನಲ್ಲಿ ಹಾರುವ ತಟ್ಟೆ ಎಂದರೆ ಅನ್ಯಗ್ರಹದ ನೌಕೆ ಎಂಬ ನಂಬಿಕೆ ಗಟ್ಟಿಯಾಗಿ ಕೂತದ್ದು ಬಹುಮಟ್ಟಿಗೆ ಇಲ್ಲಿಂದ.

ಹಾಗಾದರೆ ಮ್ಯಾಂಟೆಲ್ ಬೆನ್ನಟ್ಟಿದ್ದು ಏನನ್ನು? ನೌಕಾಪಡೆಯ ಸಂಶೋಧನಾ ಕಚೇರಿ 1947ರಿಂದ ‘ಸ್ಕೈಹುಕ್’ ಎಂಬ ಯೋಜನೆಯಲ್ಲಿ ದೈತ್ಯ ಬಲೂನುಗಳನ್ನು ಹಾರಿಸುತ್ತಿತ್ತು. ತೆಳುವಾದ ಪಾಲಿಥೀನ್ ಹಾಳೆಯ ಚೀಲ, ಒಳಗೆ ಹೀಲಿಯಂ, ಕೆಳಗೆ ವಿಶ್ವಕಿರಣಗಳನ್ನು ಅಳೆಯುವ ಉಪಕರಣ. ನೆಲದಿಂದ ಬಿಡುವಾಗ ಚೀಲದ ತುದಿಯಲ್ಲಷ್ಟೇ ಅನಿಲ ಇರುತ್ತದೆ, ಉಳಿದದ್ದು ಉದ್ದಕ್ಕೆ ಜೋತುಬಿದ್ದಿರುತ್ತದೆ. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಕುಗ್ಗಿ ಅನಿಲ ಹಿಗ್ಗುತ್ತದೆ. ಬಲೂನು ಸುಮಾರು 100 ಅಡಿ ಅಗಲಕ್ಕೆ ಉಬ್ಬುತ್ತದೆ, ಲಕ್ಷ ಅಡಿಯ ಆಸುಪಾಸಿನವರೆಗೂ ಏರುತ್ತದೆ. ಅಲ್ಲಿ ಬಿಸಿಲು ಬಿದ್ದರೆ ಆ ಹಾಳೆ ಬೆಳ್ಳಿಯ ಹಾಗೆ ಮಿನುಗುತ್ತದೆ. ಕೆಳಗಿನಿಂದ ನೋಡುವವರಿಗೆ ಅದು ದುಂಡಗೆ, ಲೋಹದಂತೆ, ಭಾರಿ ದೊಡ್ಡದಾಗಿ ಕಾಣುತ್ತದೆ. ಯಾವ ಎಫ್-51 ಕೂಡ ಅದರ ಅರ್ಧ ಎತ್ತರಕ್ಕೂ ಮುಟ್ಟಲಾರದು. ಬೆನ್ನಟ್ಟಿದಷ್ಟೂ ಅದು ದೂರವೇ ಉಳಿಯುತ್ತದೆ.

ಮ್ಯಾಂಟೆಲ್‌ಗೆ ಸ್ಕೈಹುಕ್ ಎಂಬುದೊಂದು ಇದೆಯೆಂದೇ ಗೊತ್ತಿರಲಿಲ್ಲ. ಗಾಡ್‌ಮನ್ ಗೋಪುರದವರಿಗೂ ಗೊತ್ತಿರಲಿಲ್ಲ. ಒಂದು ಪಡೆಯ ಗುಟ್ಟು ಇನ್ನೊಂದು ಪಡೆಗೆ ತಿಳಿದಿರಲಿಲ್ಲ. ವಾಯುಪಡೆಯ ಯುಎಫ್‌ಒ (ಗುರುತಾಗದ ಹಾರುವ ವಸ್ತು) ತನಿಖೆಯ ಮುಖ್ಯಸ್ಥನಾಗಿದ್ದ ಎಡ್ವರ್ಡ್ ರೂಪೆಲ್ಟ್ 1956ರ ತನ್ನ ಪುಸ್ತಕದಲ್ಲಿ, ಮ್ಯಾಂಟೆಲ್ ನೋಡಿದ್ದು ಸ್ಕೈಹುಕ್ ಬಲೂನನ್ನೇ ಇರಬೇಕು ಎಂದು ಬರೆದ. ಇಂದು ಹೆಚ್ಚಿನವರು ಒಪ್ಪುವ ಉತ್ತರವೂ ಅದೇ. ತನ್ನ ಜೊತೆಯ ಪಡೆಯೇ ಹಾರಿಸಿದ್ದ ಬಲೂನನ್ನು ಅರಿಯದೆ ಒಬ್ಬ ಯುವಕ ಪ್ರಾಣ ಕೊಟ್ಟ ಎಂಬುದು ನನ್ನನ್ನು ಇಂದಿಗೂ ಕಲಕುವ ಸಂಗತಿ.

ಇಲ್ಲಿ ಕೀಹೋನ ಕತೆ ಎರಡಾಗಿ ಸೀಳುತ್ತದೆ. ಅವನು ಶುಕ್ರದ ಕತೆ ಸುಳ್ಳು ಎಂದಿದ್ದ, ಸರಿ. ಅಧಿಕಾರಿಗಳ ಬಳಿ ಹೊರಗೆ ಹೇಳದ ಗುಟ್ಟಿದೆ ಎಂದಿದ್ದ, ಅದೂ ಸರಿ. ಆ ಗುಟ್ಟು ಅನ್ಯಗ್ರಹದ ನೌಕೆ ಎಂದದ್ದು ಮಾತ್ರ ಎಡವಿದ ಜಾಗ. ಬೀಗ ಇದೆ ಎಂದು ಕಂಡುಹಿಡಿದವನಿಗೆ ಪೆಟ್ಟಿಗೆಯೊಳಗಿನದೂ ತಿಳಿದಂತೆ ಭಾಸವಾಯಿತು.

ಮುಂದಿನ ವರ್ಷಗಳಲ್ಲಿ ಆ ಬೀಗದ ಗುರುತುಗಳು ಒಂದಾದ ಮೇಲೊಂದು ಅವನ ಕೈಗೆ ಸಿಕ್ಕವು. 1952ರ ಜುಲೈನಲ್ಲಿ ಎರಡು ವಾರಾಂತ್ಯ ರಾಜಧಾನಿ ವಾಷಿಂಗ್ಟನ್ನಿನ ವಿಮಾನ ನಿಲ್ದಾಣದ ರೇಡಾರಿನಲ್ಲಿ ಗುರುತಿಲ್ಲದ ಚುಕ್ಕೆಗಳು ಮೂಡಿದವು. ಅವನ್ನು ಅಡ್ಡಗಟ್ಟಲು ಜೆಟ್ ವಿಮಾನಗಳು ಹಾರಿದವು. ಜುಲೈ 29ರಂದು ಮೇಜರ್ ಜನರಲ್ ಜಾನ್ ಸ್ಯಾಮ್‌ಫೋರ್ಡ್ ಪೆಂಟಗನ್ನಿನಲ್ಲಿ ತುಂಬಿದ ಪತ್ರಿಕಾಗೋಷ್ಠಿ ನಡೆಸಿ, ತಂಪು ಗಾಳಿಯ ಮೇಲೆ ಬಿಸಿ ಗಾಳಿಯ ಪದರ ಕೂತಾಗ ರೇಡಾರ್ ಅಲೆ ಬಾಗಿ ಇಂಥ ಚುಕ್ಕೆ ಮೂಡಬಹುದು ಎಂದ. ಆ ದಿನಗಳಲ್ಲಿ ವಾಯುಪಡೆ ಸ್ವಲ್ಪ ಬಾಗಿಲು ತೆರೆದಿತ್ತು. ಪತ್ರಿಕಾ ವಿಭಾಗದ ಆಲ್ಬರ್ಟ್ ಚಾಪ್ ಮೂಲಕ ಹತ್ತಾರು ವರದಿಗಳು ಕೀಹೋಗೆ ಸಿಕ್ಕವು. ಹಾರುವ ತಟ್ಟೆಗಳ ಬಗ್ಗೆ 1953ರಲ್ಲಿ ಬಂದ ಅವನ ಎರಡನೇ ಪುಸ್ತಕ ‘ಫ್ಲೈಯಿಂಗ್ ಸಾಸರ್ಸ್ ಫ್ರಮ್ ಔಟರ್ ಸ್ಪೇಸ್’ ನಿಂತದ್ದು ಆ ವರದಿಗಳ ಮೇಲೆ. 1956ರಲ್ಲಿ ಬಂದ ‘ಅರ್ತ್ ವರ್ಸಸ್ ದಿ ಫ್ಲೈಯಿಂಗ್ ಸಾಸರ್ಸ್’ ಸಿನಿಮಾಕ್ಕೂ ಅದೇ ಪುಸ್ತಕ ಪ್ರೇರಣೆ.

ಅಷ್ಟರಲ್ಲಿ ಆ ಬಾಗಿಲು ಮುಚ್ಚಿತ್ತು. ಗುರುತು ಸಿಕ್ಕ ವಸ್ತುವಿನ ವಿಚಾರವನ್ನಷ್ಟೇ ನೆಲೆಯ ಅಧಿಕಾರಿಗಳು ಪತ್ರಿಕೆಗಳಿಗೆ ತಿಳಿಸಬಹುದು, ಗುರುತಾಗದ್ದನ್ನು ಹೇಳಕೂಡದು ಎಂಬರ್ಥದ ವಾಯುಪಡೆಯ ನಿಯಮ 200-2 ಜಾರಿಗೆ ಬಂತು. ಮೂರೂ ಪಡೆಗಳಿಗೆ ಅನ್ವಯಿಸುವ ‘ಜಾನಾಪ್ 146’ ಎಂಬ ಸೂಚನೆಯ ಪ್ರಕಾರ, ಇಂಥ ವರದಿಯನ್ನು ಅನುಮತಿಯಿಲ್ಲದೆ ಬಯಲು ಮಾಡಿದವರು ಬೇಹುಗಾರಿಕೆ ಕಾನೂನಿನಡಿ ಶಿಕ್ಷೆಗೆ ಗುರಿಯಾಗಬಹುದಿತ್ತು. ಈ ಎರಡೂ ದಾಖಲೆಗಳನ್ನು ಕೀಹೋ ಹುಡುಕಿ ಹೊರಹಾಕಿದ. ಇಲ್ಲದ ವಸ್ತುವಿನ ಬಗ್ಗೆ ಬಾಯಿಬಿಟ್ಟರೆ ಜೈಲೇಕೆ ಎಂಬ ಅವನ ಪ್ರಶ್ನೆಗೆ ಆಗ ಯಾರೂ ನೆಟ್ಟಗೆ ಉತ್ತರಿಸಲಿಲ್ಲ. 1955ರ ‘ದಿ ಫ್ಲೈಯಿಂಗ್ ಸಾಸರ್ ಕಾನ್ಸ್‌ಪಿರಸಿ’ ಪುಸ್ತಕದ ಜೀವಾಳವೇ ಈ ಪ್ರಶ್ನೆ.

1957ರಲ್ಲಿ ಅವನು ಹಾರುವ ತಟ್ಟೆಯ ವರದಿಗಳನ್ನು ಪರಿಶೀಲಿಸುವ ‘ನೈಕ್ಯಾಪ್’ ಎಂಬ ನಾಗರಿಕ ಸಂಘಟನೆಯ ನಿರ್ದೇಶಕನಾದ. ಅದರ ಆಡಳಿತ ಮಂಡಳಿಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಮೊದಲ ನಿರ್ದೇಶಕನಾಗಿದ್ದ ರಾಸ್ಕೋ ಹಿಲೆನ್‌ಕಾಟರ್ ಕೂಡ ಇದ್ದ. ಕೀಹೋ ಅಲ್ಲಿ ತಂದ ಶಿಸ್ತು ಮೆಚ್ಚುವಂಥದ್ದು. ಶುಕ್ರಗ್ರಹದವರ ಜೊತೆ ಮಾತಾಡಿದೆ, ಅವರ ನೌಕೆಯಲ್ಲಿ ಕೂತು ಬಂದೆ ಎಂದು ಹೇಳಿಕೊಂಡು ಆಗ ಹೆಸರು ಮಾಡುತ್ತಿದ್ದವರನ್ನು ಅವನು ದೂರವಿಟ್ಟ. ವೈಮಾನಿಕರು, ರೇಡಾರ್ ಸಿಬ್ಬಂದಿ, ಪೊಲೀಸರು, ವಿಜ್ಞಾನಿಗಳ ಹೇಳಿಕೆಗಳನ್ನು ದಿನಾಂಕ, ಜಾಗ, ಹೊತ್ತಿನ ಸಮೇತ ಸಂಗ್ರಹಿಸಿದ. ರಿಚರ್ಡ್ ಹಾಲ್ ಸಂಪಾದಿಸಿದ ‘ದಿ ಯುಎಫ್‌ಒ ಎವಿಡೆನ್ಸ್’ 1964ರಲ್ಲಿ 746 ಪ್ರಕರಣಗಳನ್ನು ಜೋಡಿಸಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರ ಮುಂದಿಟ್ಟಿತು. ಕಾಂಗ್ರೆಸ್ಸಿನ ಬಹಿರಂಗ ವಿಚಾರಣೆ ಆಗಬೇಕು ಎಂಬುದೇ ಅವನ ಬೇಡಿಕೆ.

1958ರ ಜನವರಿ 22ರ ರಾತ್ರಿ ಸಿಬಿಎಸ್ ದೂರದರ್ಶನದ ‘ಆರ್ಮ್‌ಸ್ಟ್ರಾಂಗ್ ಸರ್ಕಲ್ ಥಿಯೇಟರ್’ ಕಾರ್ಯಕ್ರಮದಲ್ಲಿ ಕೀಹೋ ನೇರ ಪ್ರಸಾರದಲ್ಲಿದ್ದ. ಎಲ್ಲರ ಮಾತೂ ಮೊದಲೇ ಬರೆದು ಒಪ್ಪಿಗೆ ಪಡೆದದ್ದು. ಓದುತ್ತಾ ಓದುತ್ತಾ ಅವನು ಬರಹ ಬಿಟ್ಟು, ಹಿಂದೆಂದೂ ಹೇಳದ್ದನ್ನು ಈಗ ಹೇಳುತ್ತೇನೆ ಎಂಬ ಧಾಟಿಯಲ್ಲಿ ಶುರುಮಾಡಿದ. ಪರದೆಯ ಮೇಲೆ ಅವನ ತುಟಿ ಆಡುತ್ತಲೇ ಇತ್ತು, ದನಿ ಮಾತ್ರ ಕತ್ತರಿಸಿಹೋಗಿತ್ತು. ಕಾಂಗ್ರೆಸ್ಸಿನ ಒಂದು ಸಮಿತಿ ಈ ವಿಷಯ ಪರಿಶೀಲಿಸುತ್ತಿದೆ, ಬಹಿರಂಗ ವಿಚಾರಣೆ ನಡೆದರೆ ಇವು ಬುದ್ಧಿಯುಳ್ಳವರು ನಡೆಸುವ ನಿಜವಾದ ಯಂತ್ರಗಳೆಂದು ಸಾಬೀತಾಗುತ್ತದೆ ಎಂದು ಅವನು ಹೇಳಹೊರಟಿದ್ದ. ಲಕ್ಷಾಂತರ ಮಂದಿಗೆ ಆ ಮೌನವೇ ದೊಡ್ಡ ಸಾಕ್ಷಿಯಾಯಿತು.

ಸಿಐಎ ಕೈವಾಡವಿದೆ ಎಂದು ಕೀಹೋ ಹೇಳುತ್ತಲೇ ಬಂದ. ಅದನ್ನು ಭ್ರಮೆ ಎಂದು ಎಷ್ಟೋ ಮಂದಿ ತಳ್ಳಿಹಾಕಿದ್ದರು. ದಾಖಲೆಗಳು ಬಯಲಾದಾಗ ಆ ಮಾತಿನಲ್ಲಿ ಹುರುಳಿದ್ದದ್ದು ಕಂಡಿತು. 1953ರ ಜನವರಿಯಲ್ಲಿ ಸಿಐಎ ಭೌತವಿಜ್ಞಾನಿ ಎಚ್. ಪಿ. ರಾಬರ್ಟ್‌ಸನ್ ನೇತೃತ್ವದಲ್ಲಿ ಗೋಪ್ಯ ಸಮಿತಿಯೊಂದನ್ನು ಕೂರಿಸಿತ್ತು. ಮುಂದೆ ನೊಬೆಲ್ ಪಡೆದ ಲೂಯಿಸ್ ಆಲ್ವರೆಜ್ ಅದರಲ್ಲೊಬ್ಬ. ಈ ವಸ್ತುಗಳಿಂದ ದೇಶಕ್ಕೆ ನೇರ ಅಪಾಯವಿಲ್ಲ ಎಂದು ಸಮಿತಿ ಕಂಡುಕೊಂಡಿತು. ಅದರ ಚಿಂತೆ ಬೇರೆ. ಸೋವಿಯತ್ ದಾಳಿಯ ಹೊತ್ತಿನಲ್ಲಿ ಹಾರುವ ತಟ್ಟೆಯ ವರದಿಗಳೇ ಸಂಪರ್ಕ ಮಾರ್ಗಗಳನ್ನು ತುಂಬಿಬಿಟ್ಟರೆ? ಆದ್ದರಿಂದ ಜನರ ಕುತೂಹಲವನ್ನು ತಗ್ಗಿಸುವ ಪ್ರಚಾರ ನಡೆಯಬೇಕು, ಇಂಥ ನಾಗರಿಕ ಗುಂಪುಗಳ ಮೇಲೆ ಕಣ್ಣಿಡಬೇಕು ಎಂದು ಸಲಹೆ ಮಾಡಿತು. 1970ರ ದಶಕದ ಕೊನೆಯಲ್ಲಿ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಹೂಡಿದ ಮೊಕದ್ದಮೆಯಿಂದ ಸಿಐಎ ಸುಮಾರು 900 ಪುಟ ಕಡತ ಬಿಡುಗಡೆ ಮಾಡಬೇಕಾಯಿತು. ಕೀಹೋ ಊಹಿಸಿದ ಗೋಪ್ಯತೆ ಅಲ್ಲಿ ಪುಟಪುಟದಲ್ಲಿತ್ತು. ಅವನು ಊಹಿಸಿದ ಅತಿಥಿಗಳು ಇರಲಿಲ್ಲ.

ಆ ಹೊತ್ತಿಗಾಗಲೇ ಅವನ ಸಾರ್ವಜನಿಕ ಬದುಕು ಮುಗಿದಿತ್ತು. 1966ರಲ್ಲಿ ಮಿಷಿಗನ್‌ನಲ್ಲಿ ಜನ ಕಂಡ ಬೆಳಕುಗಳನ್ನು ವಾಯುಪಡೆಯ ಕಡೆಯವರು ಜೌಗು ಅನಿಲ ಎಂದು ವಿವರಿಸಿದ್ದಕ್ಕೆ ಜನ ರೇಗಿದರು. ಆಗ ಕಾಂಗ್ರೆಸ್ ಸದಸ್ಯನಾಗಿದ್ದ ಜೆರಾಲ್ಡ್ ಫೋರ್ಡ್ ಕಾಂಗ್ರೆಸ್ಸಿನ ತನಿಖೆ ಕೇಳಿದ. ವಾಯುಪಡೆ ಕೊಲರಾಡೊ ವಿಶ್ವವಿದ್ಯಾಲಯದ ಎಡ್ವರ್ಡ್ ಕಾಂಡನ್‌ಗೆ ಅಧ್ಯಯನ ವಹಿಸಿತು. ನೈಕ್ಯಾಪ್ ಮೊದಲು ತನ್ನ ಕಡತಗಳನ್ನು ಕೊಟ್ಟು ಸಹಕರಿಸಿತು. ಫಲಿತಾಂಶ ಮೊದಲೇ ಗೊತ್ತು ಎನ್ನುವಂತೆ ಓದಿಸಿಕೊಳ್ಳುವ ಒಂದು ಒಳಟಿಪ್ಪಣಿ ಸೋರಿ 1968ರಲ್ಲಿ ‘ಲುಕ್’ ಪತ್ರಿಕೆಯಲ್ಲಿ ಬಂತು. ಅಷ್ಟರಲ್ಲಿ ಸಹಕಾರ ಮುರಿದುಬಿದ್ದಿತ್ತು. 1969ರ ಜನವರಿಯಲ್ಲಿ ಹೊರಬಂದ ಕಾಂಡನ್ ವರದಿ, ಮುಂದೆ ಅಧ್ಯಯನ ಮಾಡಿ ವಿಜ್ಞಾನಕ್ಕೆ ಲಾಭವಿಲ್ಲ ಎಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಾಯುಪಡೆ ‘ಬ್ಲೂ ಬುಕ್’ ಎಂಬ ತನ್ನ ಯುಎಫ್‌ಒ ತನಿಖೆಯನ್ನು ಮುಚ್ಚಿತು. 12,618 ವರದಿಗಳಲ್ಲಿ 701 ಗುರುತಾಗದೆ ಉಳಿದಿದ್ದವು. ಆ ತಿಂಗಳೇ ನೈಕ್ಯಾಪ್ ಮಂಡಳಿ ಕೀಹೋನನ್ನು ನಿರ್ದೇಶಕ ಸ್ಥಾನದಿಂದ ಇಳಿಸಿತು. 1973ರಲ್ಲಿ ಕೊನೆಯ ಪುಸ್ತಕ ‘ಏಲಿಯನ್ಸ್ ಫ್ರಮ್ ಸ್ಪೇಸ್’ ಬಂತು. 1988ರ ನವೆಂಬರ್ 29ರಂದು ವರ್ಜೀನಿಯಾದಲ್ಲಿ ಅವನು ತೀರಿಕೊಂಡ.

ಅವನ ನಂತರವೂ ಬೀಗಗಳು ತೆರೆಯುತ್ತಲೇ ಹೋದವು. 1947ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯದ ರಾಸ್‌ವೆಲ್ ಬಳಿ ಬಿದ್ದ ಚೂರುಗಳು ಸೋವಿಯತ್ ಅಣು ಪರೀಕ್ಷೆಯ ಸದ್ದು ಕೇಳಲು ಹಾರಿಸಿದ ‘ಮೊಗಲ್’ ಬಲೂನುಗಳದ್ದು ಎಂದು 1994ರಲ್ಲಿ ವಾಯುಪಡೆ ಹೇಳಿತು. 1955ರಿಂದ ಎಪ್ಪತ್ತು ಸಾವಿರ ಅಡಿಯಲ್ಲಿ ಹಾರಿದ ಯು-2 ಬೇಹು ವಿಮಾನ ಸಂಜೆಯ ಬಿಸಿಲಿಗೆ ಹೊಳೆದು ಎಷ್ಟೋ ವರದಿಗಳಿಗೆ ಕಾರಣವಾಗಿತ್ತು, ಅದನ್ನು ಬಲ್ಲ ಅಧಿಕಾರಿಗಳು ಬಾಯಿಬಿಡುವಂತಿರಲಿಲ್ಲ ಎಂದು ಸಿಐಎಯ ಸ್ವಂತ ಇತಿಹಾಸವೇ ಬರೆದಿದೆ. 2021ರಲ್ಲಿ ಅಮೆರಿಕದ ಗುಪ್ತಚರ ನಿರ್ದೇಶನಾಲಯ ಪರಿಶೀಲಿಸಿದ 144 ವರದಿಗಳಲ್ಲಿ ಖಚಿತವಾಗಿ ಬಿಡಿಸಿದ್ದು ಒಂದನ್ನೇ, ಅದು ಗಾಳಿ ಇಳಿಯುತ್ತಿದ್ದ ದೊಡ್ಡ ಬಲೂನು. ಅನ್ಯಗ್ರಹದ ತಂತ್ರಜ್ಞಾನಕ್ಕೆ ಯಾವ ಪುರಾವೆಯೂ ಸಿಕ್ಕಿಲ್ಲ ಎಂದು 2024ರ ಮಾರ್ಚಿನಲ್ಲಿ ಪೆಂಟಗನ್ನಿನ ವರದಿಯೊಂದು ಹೇಳಿತು.

ಸ್ಕೈಹುಕ್ ಜಾತಿಯ ಬಲೂನುಗಳನ್ನು ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ದಶಕಗಳಿಂದ ಹಾರಿಸುತ್ತಿದೆ. ಗಾಳಿಯ ದಿಕ್ಕು ನೋಡಿ ಬೀದರ್, ಕಲಬುರಗಿ ಕಡೆಯ ಜನರಿಗೂ ಮೊದಲೇ ಪ್ರಕಟಣೆ ಹೊರಡುತ್ತದೆ: ಹೊಲದಲ್ಲಿ ಪ್ಲಾಸ್ಟಿಕ್ ಹಾಳೆ, ಪೆಟ್ಟಿಗೆ ಬಿದ್ದರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ. 2025ರ ಜನವರಿಯಲ್ಲಿ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಒಂದು ಬಂದು ಬಿದ್ದಾಗ ಜನ ಗಾಬರಿಯಾದರು. ಅದು ಎಲ್ಲಿಂದ ಬಂತು, ಯಾವುದಕ್ಕೆ ಎಂದು ಗೊತ್ತಾದ ಮೇಲೆ ಗಾಬರಿ ಇಳಿಯಿತು. ಗಾಡ್‌ಮನ್ ಗೋಪುರದವರಿಗೆ ಆ ಮಧ್ಯಾಹ್ನ ಇಂಥ ಒಂದು ಪ್ರಕಟಣೆ ತಲುಪಿದ್ದರೆ ಮ್ಯಾಂಟೆಲ್ ಮನೆ ಸೇರುತ್ತಿದ್ದನೇನೋ.

ಹಾಗಾಗಿ ಕೀಹೋನನ್ನು ಮರುಳನೆಂದು ಬದಿಗಿಡುವುದು ನನ್ನಿಂದಾಗದು. ಬಲಾಢ್ಯ ಸೇನೆಯ ಎದುರು ಒಬ್ಬ ನಾಗರಿಕನಾಗಿ ನಿಂತು, ನೀವು ಕೊಟ್ಟ ಉತ್ತರ ತಪ್ಪು, ಕಡತ ತೋರಿಸಿ ಎಂದು ಇಪ್ಪತ್ತು ವರ್ಷ ಬಿಡದೆ ಕೇಳಿದ ಧೈರ್ಯ ಸಣ್ಣದಲ್ಲ. ಅವನಿಂದ ಕಲಿಯಬೇಕಾದ ಇನ್ನೊಂದು ಪಾಠ ಅವನು ಎಡವಿದ ಜಾಗದಲ್ಲಿದೆ. ಅಧಿಕಾರಿಗಳ ವಿವರಣೆ ಬಿದ್ದುಹೋದ ಮಾತ್ರಕ್ಕೆ ನಮ್ಮ ವಿವರಣೆ ಎದ್ದು ನಿಲ್ಲುವುದಿಲ್ಲ, ಅದಕ್ಕೆ ಅದರದೇ ಪುರಾವೆ ಬೇಕು. ‘ಬ್ಲೂ ಬುಕ್’ ಕಡತಗಳು ಇಂದು ಅಮೆರಿಕದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಸಾರ್ವಜನಿಕರಿಗೆ ತೆರೆದಿವೆ. ಕೀಹೋ ಬಾಗಿಲು ಬಡಿದು ಕೇಳಿದ ಕಾಗದಗಳನ್ನು ಈಗ ಯಾರು ಬೇಕಾದರೂ ಓದಬಹುದು. ಓದುವವರು ಮ್ಯಾಂಟೆಲ್‌ನ ಕಡತದಿಂದ ಶುರುಮಾಡಲಿ, ಬಲೂನಿನ ಉತ್ತರವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಲಿ.